ಹಾಡು ನಿಮ್ಮದು, ಹಕ್ಕು ಯಾರದು? ಸ್ವತಂತ್ರ ಸಂಗೀತಗಾರರ ಬದುಕಿನ ಲೆಕ್ಕ

ಒಂದು ಹಾಡು ಧ್ವನಿಮುದ್ರಿಸಲು ಶಿರಸಿಯಿಂದ ಬೆಂಗಳೂರಿಗೆ ರಾತ್ರಿ ಬಸ್ ಹಿಡಿಯಬೇಕಿದ್ದ ಕಾಲ ಹೋಯಿತು. ಒಳ್ಳೆಯ ಮೈಕ್, ಒಂದು ಲ್ಯಾಪ್‌ಟಾಪ್, ಸದ್ದು ಮರುಕಳಿಸದಂತೆ ಗೋಡೆಗೆ ಕಂಬಳಿ ಕಟ್ಟಿದ ಕೋಣೆ ಇದ್ದರೆ ಕುಮಟಾದ ಮನೆಯೊಂದರಲ್ಲೇ ಕೇಳುವಂಥ ಮುದ್ರಣ ಸಾಧ್ಯ. ಅದನ್ನು ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್‌ಗೆ ಏರಿಸಲು ಮೊಬೈಲ್ ಸಾಕು. ಭಾವಗೀತೆಗೆ ಹೊಸ ರಾಗ ಹಾಕುವವರು, ಭಜನೆ ಮುದ್ರಿಸುವವರು, ಗಿಟಾರ್ ಹಿಡಿದು ಸ್ವಂತ ಹಾಡು ಕಟ್ಟುವವರು ಈಗ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟದ ಮೇಲೂ ಕೆಳಗೂ ಇದ್ದಾರೆ.

ತೊಡಕು ಶುರುವಾಗುವುದು ಹಾಡು ಜನರಿಗೆ ಹಿಡಿಸಿದ ಮೇಲೆ. ರೀಲ್ ಒಂದು ಓಡುತ್ತದೆ, ಯಾವುದೋ ಕಂಪನಿಯಿಂದ ಕರೆ ಬರುತ್ತದೆ, ಹಿಂದೆಯೇ ವಾಟ್ಸ್‌ಆ್ಯಪ್‌ನಲ್ಲಿ ಹತ್ತಾರು ಪುಟಗಳ ಇಂಗ್ಲಿಷ್ ಕರಾರುಪತ್ರ ಬರುತ್ತದೆ. ನಾಳೆಯೊಳಗೆ ಸಹಿ ಹಾಕಿ ಕಳಿಸಿ ಎನ್ನುತ್ತಾರೆ. ಆಗ ಮನೆಯವರ ಮುಂದೆ ಎರಡು ಪ್ರಶ್ನೆ ನಿಲ್ಲುತ್ತವೆ: ಇದಕ್ಕೆ ಸಹಿ ಹಾಕಬಹುದೇ? ಮಗ ಅಥವಾ ಮಗಳು ಸಂಗೀತವನ್ನೇ ನೆಚ್ಚಿಕೊಂಡು ಬದುಕಬಹುದೇ? ಎರಡಕ್ಕೂ ಉತ್ತರವಿದೆ. ಆದರೆ ಹಾಡಿನ ಒಡೆತನ ಎಂದರೇನು, ಹಣ ಯಾವ ದಾರಿಯಲ್ಲಿ ಬರುತ್ತದೆ ಎಂಬುದು ತಿಳಿದವರಿಗೆ ಮಾತ್ರ ಆ ಉತ್ತರ ಸಿಗುತ್ತದೆ.

## ಸ್ವತಂತ್ರ ಸಂಗೀತಗಾರ ಎಂದರೆ ಯಾರು?

ತನ್ನ ಹಾಡಿನ ಧ್ವನಿಮುದ್ರಿಕೆಯ ಒಡೆತನವನ್ನು ಯಾವ ಮ್ಯೂಸಿಕ್ ಕಂಪನಿಗೂ ಬಿಟ್ಟುಕೊಡದೆ ತನ್ನಲ್ಲೇ ಇಟ್ಟುಕೊಂಡವರು ಸ್ವತಂತ್ರ ಸಂಗೀತಗಾರರು. ಹಣ ಹೂಡುವುದು, ಬಿಡುಗಡೆಯ ದಿನ ಗೊತ್ತುಮಾಡುವುದು, ಕಾರ್ಯಕ್ರಮ ಒಪ್ಪುವುದು ಎಲ್ಲವೂ ಅವರದೇ ತೀರ್ಮಾನ, ನಷ್ಟವಾದರೆ ಅದೂ ಅವರದೇ. ಕಂಪನಿಯೊಂದಿಗೆ ಕರಾರು ಮಾಡಿಕೊಂಡ ಕಲಾವಿದರ ಸಂಗತಿ ಬೇರೆ. ಮುದ್ರಣಕ್ಕೂ ಪ್ರಚಾರಕ್ಕೂ ಕಂಪನಿ ಹಣ ಹಾಕುತ್ತದೆ, ಬದಲಿಗೆ ಧ್ವನಿಮುದ್ರಿಕೆಯನ್ನು ಸಾಮಾನ್ಯವಾಗಿ ತನ್ನ ಹೆಸರಿಗೆ ಮಾಡಿಕೊಳ್ಳುತ್ತದೆ. ತಬಲಾ ಸಾಥ್, ಧ್ವನಿ ತಂತ್ರಜ್ಞರು, ವಿಡಿಯೋ ಮಾಡುವವರು, ಲೆಕ್ಕಪತ್ರ ನೋಡುವವರು ಸ್ವತಂತ್ರರಿಗೂ ಬೇಕೇ ಬೇಕು. ಅವರಿಗೆ ಸಲ್ಲಬೇಕಾದ್ದನ್ನು ಕೊಟ್ಟು, ಹಾಡನ್ನು ತನ್ನದಾಗಿಯೇ ಉಳಿಸಿಕೊಳ್ಳುವುದು ಈ ದಾರಿಯ ತಿರುಳು.

## ಒಂದು ಹಾಡಿನಲ್ಲಿ ಎಷ್ಟು ಹಕ್ಕುಗಳಿವೆ?

ಕೇಳುವವರಿಗೆ ಹಾಡು ಒಂದೇ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಕಣ್ಣಿಗೆ ಅದರೊಳಗೆ ಬೇರೆ ಬೇರೆ ಆಸ್ತಿಗಳಿವೆ. ಹೀಗೊಂದು ಹಾಡನ್ನು ಊಹಿಸಿಕೊಳ್ಳಿ: ಸಿದ್ದಾಪುರದ ಕವಯಿತ್ರಿಯೊಬ್ಬರು ಕವನ ಬರೆದರು, ಶಿರಸಿಯ ಯುವಕನೊಬ್ಬ ರಾಗ ಸಂಯೋಜಿಸಿದ, ಹೊನ್ನಾವರದ ಗಾಯಕಿ ಹಾಡಿದರು, ಕುಮಟಾದ ಗೆಳೆಯನ ಸ್ಟುಡಿಯೋದಲ್ಲಿ ಮುದ್ರಣವಾಯಿತು.

ಸಾಹಿತ್ಯದ ಹಕ್ಕು ಕವಯಿತ್ರಿಯದು. ರಾಗ ಸಂಯೋಜನೆಯ ಹಕ್ಕು ಆ ಯುವಕನದು. ಇವೆರಡೂ ರಚಿಸಿದವರ ಜೀವಿತಾವಧಿಗೂ, ಅವರು ತೀರಿಕೊಂಡ ಬಳಿಕ 60 ವರ್ಷಗಳಿಗೂ ಇರುತ್ತವೆ. ಮೂರನೆಯದು ಧ್ವನಿಮುದ್ರಿಕೆಯ ಹಕ್ಕು, ಅಂದರೆ ನಾವು ಕೇಳುವ ಆ ಕಡತದ ಒಡೆತನ. ಅದು ಪ್ರಕಟವಾದ ಬಳಿಕ 60 ವರ್ಷ ನಡೆಯುತ್ತದೆ. ನಾಲ್ಕನೆಯದು ಹಾಡಿದವರ ಮತ್ತು ವಾದ್ಯ ನುಡಿಸಿದವರ ಹಕ್ಕು. ಇದಕ್ಕೆ ಪ್ರದರ್ಶಕರ ಹಕ್ಕು ಎಂದು ಹೆಸರು, ಅವಧಿ 50 ವರ್ಷ. ತಮ್ಮ ಹಾಡುಗಾರಿಕೆಯನ್ನು ಒಪ್ಪಿಗೆಯಿಲ್ಲದೆ ಮುದ್ರಿಸಬೇಡಿ, ಪ್ರಸಾರ ಮಾಡಬೇಡಿ ಎನ್ನುವ ಅಧಿಕಾರವನ್ನೂ, ತಮ್ಮ ಹೆಸರು ಹಾಕಿ ಎಂದು ಕೇಳುವ ಅಧಿಕಾರವನ್ನೂ ಕಾಯ್ದೆ ಇವರಿಗೆ ಕೊಟ್ಟಿದೆ.

ಹೆಚ್ಚಿನ ಜಗಳ ಹುಟ್ಟುವುದು ಮೂರನೆಯದರಲ್ಲಿ. ಧ್ವನಿಮುದ್ರಿಕೆಯ ಒಡೆಯ ಯಾರು? ಅದನ್ನು ಮಾಡುವ ಮುತುವರ್ಜಿಯನ್ನೂ ಹೊಣೆಯನ್ನೂ ಹೊತ್ತ ನಿರ್ಮಾಪಕ ಎನ್ನುತ್ತದೆ ಕಾಯ್ದೆ. ಗೆಳೆಯ ಸ್ನೇಹಕ್ಕಾಗಿ ಬಾಡಿಗೆ ತೆಗೆದುಕೊಳ್ಳದೆ ಸ್ಟುಡಿಯೋ ಬಿಟ್ಟುಕೊಟ್ಟಿರುತ್ತಾನೆ, ಮೂರು ರಾತ್ರಿ ಕುಳಿತು ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಮಾಡಿರುತ್ತಾನೆ. ಹಾಡು ಓಡಿದಾಗ ಅದು ತನ್ನದೂ ಹೌದು ಎಂದು ಅವನಿಗೆ ಅನ್ನಿಸುವುದು ಸಹಜ. ಖರ್ಚು ಮಾಡಿ ಎಲ್ಲರನ್ನೂ ಒಟ್ಟುಗೂಡಿಸಿದ ಯುವಕನಿಗೆ ಅದು ಸಂಪೂರ್ಣ ತನ್ನದೇ ಅನ್ನಿಸುತ್ತದೆ. ಇಬ್ಬರ ಕೈಯಲ್ಲೂ ಕಾಗದವಿಲ್ಲ.

ಆದ್ದರಿಂದ ಮುದ್ರಣದ ದಿನವೇ ಒಂದು ಹಾಳೆಯಲ್ಲಿ ಹಾಡಿನ ಹೆಸರು, ಬರೆದವರು, ರಾಗ ಹಾಕಿದವರು, ಹಾಡಿದವರು, ನುಡಿಸಿದವರು, ಧ್ವನಿಮುದ್ರಿಕೆಯ ಒಡೆಯರು, ಬರುವ ಹಣದಲ್ಲಿ ಯಾರಿಗೆ ಎಷ್ಟು ಪಾಲು, ಯಾರಿಗೆ ಒಮ್ಮೆಗೇ ಸಂಭಾವನೆ ಎಂಬುದನ್ನು ಬರೆದು ಎಲ್ಲರೂ ಸಹಿ ಮಾಡಬೇಕು. ಕನ್ನಡದಲ್ಲೇ ಬರೆಯಬಹುದು. ಸ್ನೇಹದಲ್ಲಿ ಕಾಗದವೇಕೆ ಎಂಬ ಸಂಕೋಚ ನಮ್ಮ ಕಡೆ ಬಹಳ. ನನ್ನ ಮಟ್ಟಿಗೆ ಸಂಗೀತಗಾರರ ಬದುಕಿನಲ್ಲಿ ಮೈಕಿಗಿಂತ ಮೊದಲು ಕೊಳ್ಳಬೇಕಾದ ಸಾಮಾನು ಈ ಹಾಳೆಯೇ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ನೋಂದಣಿ ಮಾಡಿಸದಿದ್ದರೆ ಕೃತಿಸ್ವಾಮ್ಯವೇ ಇಲ್ಲ ಎಂದು ಹಲವರು ಭಾವಿಸುತ್ತಾರೆ. ಹಾಡು ಬರಹಕ್ಕೋ ಮುದ್ರಣಕ್ಕೋ ಬಂದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಕೇಂದ್ರದ ಕೃತಿಸ್ವಾಮ್ಯ ಕಚೇರಿಯಲ್ಲಿ ಆನ್‌ಲೈನ್ ಮೂಲಕ ಮಾಡಿಸುವ ನೋಂದಣಿ ವ್ಯಾಜ್ಯದ ಕಾಲಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಸಾಹಿತ್ಯ ಅಥವಾ ಸಂಗೀತ ಕೃತಿಗೆ ಶುಲ್ಕ 500 ರೂಪಾಯಿ, ಧ್ವನಿಮುದ್ರಿಕೆಗೆ 2,000 ರೂಪಾಯಿ.

## ಕಂಪನಿಯ ಕಾಗದ ಬಂದಾಗ ಏನು ನೋಡಬೇಕು?

ಈ ಸೀಮೆಯವರಿಗೆ ಇದನ್ನು ಅಡಿಕೆ ತೋಟದ ಲೆಕ್ಕದಲ್ಲಿ ಹೇಳಿದರೆ ಬೇಗ ಮನದಟ್ಟಾಗುತ್ತದೆ. ತೋಟವನ್ನೇ ಕ್ರಯಕ್ಕೆ ಕೊಡುವುದು ಒಂದು. ಈ ವರ್ಷದ ಫಸಲನ್ನಷ್ಟೇ ಗುತ್ತಿಗೆಗೆ ಕೊಡುವುದು ಇನ್ನೊಂದು. ಫಸಲು ಗುತ್ತಿಗೆಯಲ್ಲಿ ಅಡಿಕೆಯ ಕೊನೆ (ಗೊನೆ) ಕೊಯ್ದು ಮುಗಿದ ಮೇಲೆ ತೋಟ ಮತ್ತೆ ನಿಮ್ಮದೇ. ಕ್ರಯಪತ್ರಕ್ಕೆ ಸಹಿ ಬಿದ್ದರೆ ಮುಂದೆ ಧಾರಣೆ ಎಷ್ಟೇ ಏರಲಿ, ಅದು ಕೊಂಡವರದ್ದು. ಹಾಡಿನಲ್ಲಿ ಮೊದಲನೆಯದಕ್ಕೆ ಹಕ್ಕು ವರ್ಗಾವಣೆ ಎನ್ನುತ್ತಾರೆ, ಎರಡನೆಯದಕ್ಕೆ ಪರವಾನಗಿ. ಕರಾರುಪತ್ರ ಓದುವಾಗ ಮೊಟ್ಟಮೊದಲು ಹುಡುಕಬೇಕಾದ್ದು ಇದು ಯಾವುದು ಎಂಬುದನ್ನು. ತೋಟದ ಪತ್ರವನ್ನು ವಕೀಲರಿಗೆ ತೋರಿಸದೆ ಸಹಿ ಮಾಡದ ಮನೆಯವರು ಹಾಡಿನ ಪತ್ರಕ್ಕೆ ಮೊಬೈಲ್‌ನಲ್ಲೇ ಬೆರಳೊತ್ತಿಬಿಡುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ.

ಕಾನೂನು ಈ ವಿಚಾರದಲ್ಲಿ ಕಲಾವಿದರ ಪರವಾಗಿ ಸಾಕಷ್ಟು ಹೇಳಿದೆ. ಹಕ್ಕು ವರ್ಗಾವಣೆ ಬರಹದಲ್ಲಿದ್ದು ಸಹಿಯಾಗಿರಬೇಕು, ಬಾಯಿಮಾತು ನಡೆಯದು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ರಾಯಧನ (ರಾಯಲ್ಟಿ, ಅಂದರೆ ಬಳಕೆಗೆ ಸಲ್ಲುವ ಹಣ) ಎಂಬುದನ್ನು ಬರೆದಿರಬೇಕು. ಅವಧಿ ಬರೆದಿಲ್ಲದಿದ್ದರೆ ಅದು ಐದು ವರ್ಷಕ್ಕೆ ಎಂದೂ, ಪ್ರದೇಶ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ ಎಂದೂ ಅರ್ಥ. ಬೇರೆ ರೀತಿ ಹೇಳಿರದಿದ್ದರೆ, ಪಡೆದ ಹಕ್ಕನ್ನು ಕಂಪನಿ ಒಂದು ವರ್ಷದೊಳಗೆ ಬಳಸದಿದ್ದಲ್ಲಿ ಅದು ರದ್ದಾಗುತ್ತದೆ. ಅವಸರದ ಸಹಿಗೆ ಮುನ್ನ ಇಷ್ಟು ತಿಳಿದಿದ್ದರೂ ಮಾತಾಡುವ ಧೈರ್ಯ ಬರುತ್ತದೆ.

ಇದಕ್ಕಿಂತ ದೊಡ್ಡದು 2012ರ ತಿದ್ದುಪಡಿ. ಅದಕ್ಕೂ ಮೊದಲು ಕವಿಗಳೂ ಸಂಯೋಜಕರೂ ಒಮ್ಮೆ ಹಣ ಪಡೆದು ಹಕ್ಕು ಬರೆದುಕೊಟ್ಟರೆ ಮುಂದಿನ ಗಳಿಕೆಯಲ್ಲಿ ಅವರಿಗೆ ಪಾಲು ಸಿಗುವುದು ಕಷ್ಟವಿತ್ತು. ಈಗ ಹಾಡಿನ ಸಾಹಿತ್ಯ ಮತ್ತು ಸಂಗೀತದ ಹಕ್ಕನ್ನು ಕಂಪನಿಗೆ ವರ್ಗಾಯಿಸಿದರೂ, ಅದರ ಬಳಕೆಯಿಂದ ಬರುವ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕು ರಚಿಸಿದವರಲ್ಲೇ ಉಳಿಯುತ್ತದೆ. ಆ ಪಾಲನ್ನು ಅವರು ಬಿಟ್ಟುಕೊಡಲೂ ಬರುವುದಿಲ್ಲ. ವಾರಸುದಾರರಿಗೆ ಅಥವಾ ರಚಿಸಿದವರ ಪರವಾಗಿ ರಾಯಧನ ಸಂಗ್ರಹಿಸುವ ಕೃತಿಸ್ವಾಮ್ಯ ಸಂಘಕ್ಕೆ ಕೊಡುವುದಕ್ಕೆ ಮಾತ್ರ ಅವಕಾಶ. ರಾಯಧನ ಕೇಳುವುದಿಲ್ಲ ಎಂದು ಕರಾರಿನಲ್ಲಿ ಬರೆಸಿಕೊಂಡಿದ್ದರೂ ಆ ಸಾಲಿಗೆ ಬೆಲೆ ಇಲ್ಲ.

ಆದರೂ ಕೆಲವು ಸಾಲುಗಳನ್ನು ಕಂಡರೆ ಪೆನ್ನು ಕೆಳಗಿಡಬೇಕು. ಶಾಶ್ವತವಾಗಿ, ಜಗತ್ತಿನಾದ್ಯಂತ ಎಂದಿದ್ದರೆ ಅದು ಬಹುಪಾಲು ಕ್ರಯವೇ. ಮುಂದೆ ನೀವು ರಚಿಸುವ ಎಲ್ಲ ಹಾಡುಗಳೂ ಎಂದಿದ್ದರೆ ಇನ್ನೂ ಹುಟ್ಟದ ಹಾಡುಗಳನ್ನೂ ಕೇಳುತ್ತಿದ್ದಾರೆ. ಖರ್ಚು ಕಳೆದು ಉಳಿದದ್ದರಲ್ಲಿ ಪಾಲು ಎಂದಿದ್ದರೆ ಯಾವ ಯಾವ ಖರ್ಚು, ಅದಕ್ಕೆ ಮಿತಿ ಏನು ಎಂದು ಕೇಳಿ ಬರೆಸಬೇಕು. ನಿಮ್ಮ ದನಿಯನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸುವ ಅಥವಾ ದನಿಯ ನಕಲು ಮಾಡುವ ಅನುಮತಿ ಎಲ್ಲಾದರೂ ಸೇರಿದೆಯೇ ಎಂದೂ ಈಗ ನೋಡಬೇಕಾಗಿದೆ. ಒಳ್ಳೆಯ ಮೊತ್ತಕ್ಕೆ ಒಂದು ಹಾಡನ್ನು ಮಾರುವುದು ತಪ್ಪೇನಲ್ಲ, ಮನೆಯ ಸಾಲ ತೀರಿಸಬೇಕಾದ ಹೊತ್ತಿನಲ್ಲಿ ಅದೇ ಸರಿ ಇರಬಹುದು. ಮಾರುತ್ತಿದ್ದೇನೆ ಎಂದು ತಿಳಿದು ಮಾರಬೇಕು, ಅಷ್ಟೆ.

## ಬೇರೆಯವರ ರಚನೆ ಹಾಡಬಹುದೇ?

ದಾಸರ ಪದಗಳು, ವಚನಗಳು, ಹಳೆಯ ಯಕ್ಷಗಾನ ಪ್ರಸಂಗಗಳ ಪದ್ಯಗಳು ಕೃತಿಸ್ವಾಮ್ಯದ ಹೊರಗಿವೆ, ಯಾರು ಬೇಕಾದರೂ ಹಾಡಬಹುದು. ಆದರೆ ಪದ ಹಳೆಯದಾದರೂ ರಾಗ ಸಂಯೋಜನೆ ಹೊಸದಾಗಿರಬಹುದು. ಕ್ಯಾಸೆಟ್‌ನಲ್ಲಿ ಕೇಳಿದ ಧಾಟಿಯನ್ನೇ ಹಾಡಿ ಮುದ್ರಿಸಿದರೆ ಆ ಧಾಟಿ ಹಾಕಿದವರ ಒಪ್ಪಿಗೆ ಬೇಕು. ಸ್ವಂತ ಧಾಟಿ ಹಾಕಿಕೊಂಡರೆ ತೊಡಕಿಲ್ಲ, ಅದರ ಹಕ್ಕೂ ನಿಮ್ಮದೇ ಆಗುತ್ತದೆ.

ಆಧುನಿಕ ಕವಿಗಳ ಸಂಗತಿ ಬೇರೆ. ನಮ್ಮ ಜಿಲ್ಲೆಯ ಮಕ್ಕಳೆಲ್ಲ ಶಾಲೆಯಲ್ಲಿ ಹೇಳುವ ಚುಟುಕಗಳ ಕವಿ ದಿನಕರ ದೇಸಾಯಿ ತೀರಿಕೊಂಡದ್ದು 1982ರಲ್ಲಿ. ಅಂದರೆ ಅವರ ಕವಿತೆಗಳ ಕೃತಿಸ್ವಾಮ್ಯ 2042ರ ಕೊನೆಯವರೆಗೂ ಇದೆ. ಅವನ್ನು ಹಾಡಾಗಿಸಿ ಬಿಡುಗಡೆ ಮಾಡುವವರು ಮೊದಲು ಹಕ್ಕುದಾರರಿಗೆ ಪತ್ರ ಬರೆದು ಅನುಮತಿ ಪಡೆಯಬೇಕು. ಸಿನಿಮಾ ಹಾಡನ್ನು ಗಿಟಾರ್ ಹಿಡಿದು ಹಾಡಿ ಯೂಟ್ಯೂಬ್‌ಗೆ ಹಾಕಿದರೆ, ಅಲ್ಲಿನ ಗುರುತು ಹಚ್ಚುವ ವ್ಯವಸ್ಥೆ ಮೂಲ ಹಾಡನ್ನು ಪತ್ತೆ ಮಾಡಿ ಜಾಹೀರಾತಿನ ಹಣವನ್ನು ಅದರ ಒಡೆಯರಿಗೆ ಕಳಿಸಬಹುದು, ವಿಡಿಯೋವನ್ನೇ ತಡೆಯಲೂಬಹುದು. ಹೆಸರು ಮಾಡಲು ಇಂಥ ಹಾಡುಗಳು ನೆರವಾಗುತ್ತವೆ, ಆಸ್ತಿಯಾಗುವುದಿಲ್ಲ. ಮದುವೆ ಸಮಾರಂಭದಲ್ಲಿ, ನಿಜವಾದ ಧಾರ್ಮಿಕ ವಿಧಿಗಳಲ್ಲಿ ಹಾಡುವುದಕ್ಕೆ ಮಾತ್ರ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ.

ಜಾನಪದದ ಪ್ರಶ್ನೆ ಇನ್ನೂ ಸೂಕ್ಷ್ಮ. ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಉಳಿಸಿಕೊಂಡಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಥ ಹಾಡುಗಳಿಗೆ ಗೊತ್ತಾದ ಒಬ್ಬ ರಚನಕಾರರಿಲ್ಲ, ಹೀಗಾಗಿ ಕಾಯ್ದೆಯ ರಕ್ಷಣೆ ಅವುಗಳ ಸಾಹಿತ್ಯಕ್ಕೂ ಧಾಟಿಗೂ ದೊರೆಯದು. ಆದರೆ ಹಾಡಿದ ಅಜ್ಜಿಯ ದನಿಗೆ ಪ್ರದರ್ಶಕರ ಹಕ್ಕು ಇದ್ದೇ ಇದೆ. ಅವರ ಹಾಡನ್ನು ಮೊಬೈಲ್‌ನಲ್ಲಿ ಹಿಡಿದು ತಂದು ಡ್ರಮ್ಸ್ ಸೇರಿಸಿ ಬಿಡುಗಡೆ ಮಾಡುವವರು ಅವರ ಒಪ್ಪಿಗೆ ಪಡೆಯಬೇಕು, ಹೆಸರು ಹಾಕಬೇಕು, ಸಂಭಾವನೆ ಕೊಡಬೇಕು. ಕಾನೂನು ಬಾಯಿ ಬಿಡದ ಕಡೆಯಲ್ಲೂ, ಅಂದರೆ ಹಾಡು ಅವರಿಂದ ಕಲಿತು ನಾವೇ ಹಾಡಿದಾಗಲೂ, ಸಮುದಾಯದ ಹೆಸರು ಹೇಳುವುದೂ ಗಳಿಕೆಯಲ್ಲಿ ಪಾಲು ತಲುಪಿಸುವುದೂ ನಮ್ಮ ಹೊಣೆ ಎಂದೇ ನಾನು ತಿಳಿದಿದ್ದೇನೆ. ಯಕ್ಷಗಾನದ ಆಟವನ್ನು ಇಡೀ ರಾತ್ರಿ ಮುದ್ರಿಸಿ ತಮ್ಮ ಚಾನೆಲ್‌ಗೆ ಹಾಕುವವರಿಗೂ ಇದೇ ಮಾತು. ಭಾಗವತರ, ಮದ್ದಲೆ, ಚಂಡೆಯವರ, ವೇಷಧಾರಿಗಳ ಒಪ್ಪಿಗೆ ಬೇಕು.

## ಆನ್‌ಲೈನ್‌ನಲ್ಲಿ ಕೇಳಿದ್ದಕ್ಕೆ ಹಣ ಹೇಗೆ ಬರುತ್ತದೆ?

ಸ್ಪಾಟಿಫೈಯಂಥ ವೇದಿಕೆಗಳು ಬಿಡಿ ಕಲಾವಿದರಿಂದ ನೇರವಾಗಿ ಹಾಡು ತೆಗೆದುಕೊಳ್ಳುವುದಿಲ್ಲ. ನಡುವೆ ವಿತರಕ ಸಂಸ್ಥೆ ಇರುತ್ತದೆ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ಇಂಥವು. ಕೆಲವು ವರ್ಷಕ್ಕಿಷ್ಟು ಶುಲ್ಕ ಪಡೆಯುತ್ತವೆ, ಕೆಲವು ಗಳಿಕೆಯಲ್ಲಿ ಪಾಲು ಹಿಡಿಯುತ್ತವೆ. ವಾರ್ಷಿಕ ಶುಲ್ಕದ ಪದ್ಧತಿಯಲ್ಲಿ ಕಟ್ಟುವುದನ್ನು ನಿಲ್ಲಿಸಿದರೆ ಹಾಡು ವೇದಿಕೆಯಿಂದ ಇಳಿದುಹೋಗುವ ಸಂಭವ ಉಂಟು, ಸೇರುವ ಮೊದಲು ಈ ಒಂದು ಷರತ್ತನ್ನು ಓದಲೇಬೇಕು. ವಿತರಕರು ಪ್ರತಿ ಧ್ವನಿಮುದ್ರಿಕೆಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ ಮತ್ತು ಅಂಕಿಗಳ ಗುರುತುಸಂಖ್ಯೆ ಹಚ್ಚುತ್ತಾರೆ. ಜಗತ್ತಿನ ಯಾವ ಮೂಲೆಯಲ್ಲಿ ಹಾಡು ಬಿತ್ತರವಾದರೂ ಲೆಕ್ಕ ಸೇರುವುದು ಆ ಸಂಖ್ಯೆಯ ಖಾತೆಗೆ. ವಿತರಕರನ್ನು ಬದಲಿಸಿದಾಗಲೂ ಹಳೆಯ ಸಂಖ್ಯೆಯನ್ನೇ ಕೊಡಬೇಕು, ಇಲ್ಲವಾದರೆ ಹಾಡಿನ ಹಿಂದಿನ ಎಣಿಕೆ ಕಳಚಿಹೋಗಬಹುದು.

ಒಂದು ಸಲ ಕೇಳಿದರೆ ಇಷ್ಟು ಪೈಸೆ ಎಂಬ ನಿಗದಿತ ದರ ಇಲ್ಲ. ಚಂದಾ ಮತ್ತು ಜಾಹೀರಾತಿನಿಂದ ಬಂದ ಹಣವನ್ನೆಲ್ಲ ವೇದಿಕೆ ಒಟ್ಟುಗೂಡಿಸುತ್ತದೆ. ಸ್ಪಾಟಿಫೈಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಕ್ಕುದಾರರಿಗೆ ಹೋಗುತ್ತದೆ. ಒಟ್ಟು ಕೇಳಿಕೆಯಲ್ಲಿ ನಿಮ್ಮ ಹಾಡಿನ ಪಾಲು ಎಷ್ಟೋ ಆ ಮೊತ್ತದಲ್ಲೂ ನಿಮಗೆ ಅಷ್ಟೇ. ಭಾರತದಲ್ಲಿ ಚಂದಾ ದರ ಕಡಿಮೆ, ಪುಕ್ಕಟೆ ಕೇಳುವವರು ಹೆಚ್ಚು. ಹಾಗಾಗಿ ಇಲ್ಲಿನ ಕೇಳಿಕೆಗೆ ಬರುವ ಹಣ ಅಮೆರಿಕ, ಯುರೋಪಿನದಕ್ಕಿಂತ ಬಹಳ ಕಡಿಮೆ. 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಕೇಳಿಕೆ ಎಂದು ಎಣಿಕೆ. 2024ರಿಂದ ಇನ್ನೊಂದು ನಿಯಮ ಸೇರಿದೆ: ಹಿಂದಿನ 12 ತಿಂಗಳಲ್ಲಿ 1,000 ಕೇಳಿಕೆ ತಲುಪದ ಹಾಡಿಗೆ ಸ್ಪಾಟಿಫೈ ಧ್ವನಿಮುದ್ರಿಕೆಯ ಹಣ ಕೊಡುವುದಿಲ್ಲ.

ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದು ಕೇಳಿಕೆಗೆ 10 ಪೈಸೆ ಎಂದು ಹಿಡಿಯೋಣ. ತಿಂಗಳಿಗೆ 20,000 ರೂಪಾಯಿ ಬರಬೇಕಾದರೆ ಪ್ರತಿ ತಿಂಗಳೂ 2,00,000 ಕೇಳಿಕೆ ಬೇಕು. ತಿಂಗಳಿಗೆ 800 ರೂಪಾಯಿಯಂತೆ 25 ಮಕ್ಕಳಿಗೆ ಸಂಗೀತ ಪಾಠ ಹೇಳಿದರೂ ಅದೇ 20,000 ಆಗುತ್ತದೆ. ಈ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರು ಮೊದಲ ಹಾಡು ಬಿಡುಗಡೆಯಾದ ಕೂಡಲೇ ನೌಕರಿಗೆ ರಾಜೀನಾಮೆ ಕೊಡುವುದಿಲ್ಲ.

ಯೂಟ್ಯೂಬ್‌ನಲ್ಲಿ ಜಾಹೀರಾತಿನ ಹಣದ ಪಾಲು ಸಿಗಲು 1,000 ಚಂದಾದಾರರು ಮತ್ತು ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು, ಅಥವಾ 90 ದಿನಗಳಲ್ಲಿ ಕಿರುವಿಡಿಯೋಗಳಿಗೆ ಒಂದು ಕೋಟಿ ವೀಕ್ಷಣೆ. ಉದ್ದದ ವಿಡಿಯೋಗಳಲ್ಲಿ ಜಾಹೀರಾತು ಹಣದ 55%, ಕಿರುವಿಡಿಯೋಗಳಲ್ಲಿ 45% ಚಾನೆಲ್‌ನವರಿಗೆ.

ಇದೆಲ್ಲ ಧ್ವನಿಮುದ್ರಿಕೆಯ ಹಣ. ಸಾಹಿತ್ಯ ಮತ್ತು ರಾಗ ಸಂಯೋಜನೆಯ ರಾಯಧನ ಬೇರೆ ದಾರಿಯಲ್ಲಿ ಬರುತ್ತದೆ. ಅದನ್ನು ಸಂಗ್ರಹಿಸಿ ಹಂಚುವುದು 1969ರಲ್ಲಿ ಆರಂಭವಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್. ರೇಡಿಯೋ, ಟಿವಿ, ಹೋಟೆಲ್, ಸಾರ್ವಜನಿಕ ಕಾರ್ಯಕ್ರಮ, ಆನ್‌ಲೈನ್ ವೇದಿಕೆಗಳಿಂದ ಅದು ಹಣ ವಸೂಲು ಮಾಡುತ್ತದೆ. ಸದಸ್ಯರಾಗಿ, ಪ್ರತಿ ಹಾಡನ್ನೂ ಪಾಲಿನ ವಿವರದೊಂದಿಗೆ ದಾಖಲಿಸಿದವರಿಗೆ ಮಾತ್ರ ಅದು ತಲುಪುತ್ತದೆ. ಗಾಯಕರಿಗೂ ವಾದ್ಯಗಾರರಿಗೂ ಇಂಥದ್ದೇ ಕೆಲಸ ಮಾಡುವ ಸಂಘ ಇಸಾಮ್ರಾ. ಒಬ್ಬರೇ ಬರೆದು, ರಾಗ ಹಾಕಿ, ಹಾಡಿದ್ದರೆ ಎರಡೂ ಕಡೆ ಸದಸ್ಯರಾಗಬೇಕು. ವಿತರಕರ ಖಾತೆಗೆ ಹಣ ಬರುತ್ತಿದೆಯಲ್ಲ, ಅಷ್ಟೇ ಎಂದುಕೊಂಡು ಈ ಎರಡನೆಯ ದಾರಿಯನ್ನು ಮರೆತವರು ತಮ್ಮದೇ ಹಣವನ್ನು ಬಿಟ್ಟುಬಿಟ್ಟಂತೆ.

## ಕೇಳುಗರು ನಿಮ್ಮವರೋ, ಆ್ಯಪ್‌ನವರೋ?

2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಅಲ್ಲಿ ಲಕ್ಷಗಟ್ಟಲೆ ಅನುಯಾಯಿಗಳನ್ನು ಗಳಿಸಿದ್ದವರು ಒಂದೇ ದಿನದಲ್ಲಿ ಅವರನ್ನು ಕಳೆದುಕೊಂಡರು. ಹಾಡು ಕೇಳುವ ಆ್ಯಪ್‌ಗಳಾದ ರೆಸ್ಸೊ, ವಿಂಕ್ ಮ್ಯೂಸಿಕ್ ಎರಡೂ 2024ರಲ್ಲಿ ಭಾರತದಲ್ಲಿ ಮುಚ್ಚಿದವು. ದೀರ್ಘಕಾಲ ಬಾಳಬೇಕೆನ್ನುವವರು ಇದರಿಂದ ತಿಳಿಯಬೇಕಾದ್ದು ಸರಳ: ಆ್ಯಪ್‌ನಲ್ಲಿರುವ ಅನುಯಾಯಿಯ ಫೋನ್ ಸಂಖ್ಯೆ ನಿಮ್ಮಲ್ಲಿಲ್ಲ, ಇಮೇಲ್ ಇಲ್ಲ. ಕಾರ್ಯಕ್ರಮ ಮುಗಿದ ಮೇಲೆ ಬಂದು ಮಾತನಾಡಿಸುವವರ ಹೆಸರು, ಊರು, ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳಬೇಕು. ವಾಟ್ಸ್‌ಆ್ಯಪ್ ಪ್ರಸಾರ ಪಟ್ಟಿಯಲ್ಲಿ ಅಂಥ 300 ಜನ ಇದ್ದು, ಅವರಲ್ಲಿ ಅರ್ಧ ಜನ ಪ್ರತಿ ಹೊಸ ಹಾಡನ್ನೂ ಕೇಳಿ ವರ್ಷಕ್ಕೊಂದು ಟಿಕೆಟ್ ಕೊಂಡರೂ, ಎಲ್ಲಿಯವರೆಂದೇ ತಿಳಿಯದ ಲಕ್ಷ ವೀಕ್ಷಣೆಗಿಂತ ಅದು ಗಟ್ಟಿ ಎಂಬುದು ನನ್ನ ನಿಲುವು. ಮುಂಬೈ, ಪುಣೆ, ಬೆಂಗಳೂರಿಗೆ ಹೋಗಿ ನೆಲೆಸಿದ ಜಿಲ್ಲೆಯವರೂ ಈ ಪಟ್ಟಿಗೆ ಸೇರಬೇಕು. ಊರಿನ ದನಿ ಕೇಳಲು ಅವರಷ್ಟು ಕಾತರಿಸುವವರು ಬೇರೆಯಿಲ್ಲ.

## ಜಿಲ್ಲೆಯಲ್ಲೇ ಇದ್ದು ಗಳಿಸುವ ದಾರಿಗಳು

ಇಲ್ಲಿ ಕಾರ್ಯಕ್ರಮಗಳಿಗೆ ಋತುವಿದೆ. ಚೌತಿ, ನವರಾತ್ರಿಯಲ್ಲಿ ಒಂದು ಸುತ್ತು. ದೀಪಾವಳಿಯ ನಂತರ ಮದುವೆ, ಜಾತ್ರೆ, ಉತ್ಸವಗಳು ಮೇ ತನಕ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಬನವಾಸಿಯಲ್ಲಿ ಕದಂಬೋತ್ಸವ, ಕಾರವಾರದ ಕಡಲತೀರದಲ್ಲಿ ಕರಾವಳಿ ಉತ್ಸವ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ವೇದಿಕೆಗಳು ಬರಿದಾಗುತ್ತವೆ. ಎಂಟು ತಿಂಗಳಲ್ಲಿ ಗಳಿಸಿದ್ದನ್ನು ಹನ್ನೆರಡು ತಿಂಗಳಿಗೆ ಹಂಚಿಕೊಳ್ಳಲು ಬಾರದವರು ಎಷ್ಟು ಚೆನ್ನಾಗಿ ಹಾಡಿದರೂ ಕಷ್ಟಪಡುತ್ತಾರೆ. ಮಳೆಗಾಲ ಪಾಠಕ್ಕೂ ಹೊಸ ರಚನೆಗೂ ಮುದ್ರಣಕ್ಕೂ ಒದಗಿದ ಕಾಲ. ಅದೇ ಕಾಲದಲ್ಲಿ ತಬಲಾದ ಚರ್ಮ ಸಡಿಲಾಗುತ್ತದೆ, ಉಪ್ಪುಗಾಳಿಗೆ ಗಿಟಾರ್ ತಂತಿ ತುಕ್ಕು ಹಿಡಿಯುತ್ತದೆ. ಅದರ ಖರ್ಚನ್ನೂ ವರ್ಷದ ಲೆಕ್ಕದಲ್ಲಿ ಹಿಡಿದಿರಬೇಕು.

ಸಂಭಾವನೆ ಹೇಳುವಾಗ ಹೆಚ್ಚಿನವರು ಎಡವುತ್ತಾರೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಹಾಡಬೇಕೆಂದರೆ ವಾಹನ, ಪಕ್ಕವಾದ್ಯದವರ ಸಂಭಾವನೆ, ಊಟ, ತಂಗುವುದು, ಮೈಕ್ ಸೆಟ್ ತಮ್ಮದೇ ಆದರೆ ಅದರ ಖರ್ಚು ಎಲ್ಲ ಸೇರುತ್ತದೆ. ಇವನ್ನು ಕಳೆದ ಮೇಲೆ ತನಗೆ ಉಳಿಯುವುದೆಷ್ಟು ಎಂದು ಮೊದಲೇ ಲೆಕ್ಕ ಹಾಕಿ ಹೇಳಬೇಕು. ದಿನ, ವೇಳೆ, ಮೊತ್ತ, ಮುಂಗಡ, ಮಳೆಯಿಂದ ರದ್ದಾದರೆ ಏನು, ಕಾರ್ಯಕ್ರಮವನ್ನು ಯಾರು ಮುದ್ರಿಸಬಹುದು, ಯಾವ ಚಾನೆಲ್‌ಗೆ ಹಾಕಬಹುದು ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆದು ಖಚಿತಪಡಿಸಿಕೊಂಡರೆ ಕೊನೆಯ ಕ್ಷಣದ ಮನಸ್ತಾಪ ತಪ್ಪುತ್ತದೆ.

ಪಾಠ ಹೇಳುವುದನ್ನು ಕೆಲವರು ಸೋತವರ ಕೆಲಸ ಎಂಬಂತೆ ಕಾಣುತ್ತಾರೆ. ನಮ್ಮ ಜಿಲ್ಲೆಯ ಚರಿತ್ರೆ ಬೇರೆಯೇ ಹೇಳುತ್ತದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಯಕ್ಷಗಾನದ ಇಡಗುಂಜಿ ಮೇಳ ತಲೆಮಾರುಗಳನ್ನು ದಾಟಿ ಬಂದಿದೆ. ಆ ಮನೆತನ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಪ್ರದರ್ಶನದ ಜೊತೆಗೇ ಯಕ್ಷಗಾನ ಶಿಕ್ಷಣವನ್ನೂ ನಡೆಸಿಕೊಂಡು ಬಂದಿದೆ. ಯಲ್ಲಾಪುರ ತಾಲೂಕಿನ ಹಾಸಣಗಿಯ ಹಿಂದೂಸ್ತಾನಿ ಗಾಯಕ ಪಂಡಿತ ಗಣಪತಿ ಭಟ್ಟರು ಬಸವರಾಜ ರಾಜಗುರು ಅವರಲ್ಲಿ ಕಲಿತು ದೇಶದ ದೊಡ್ಡ ವೇದಿಕೆಗಳಲ್ಲಿ ಹಾಡಿದವರು, ಶಿಷ್ಯರನ್ನೂ ತಯಾರು ಮಾಡಿದವರು. ಕಲಿಸುವವರಿಗೆ ತಿಂಗಳು ತಿಂಗಳೂ ಆದಾಯವಿದೆ, ಕಲಿತ ಮಕ್ಕಳ ಮನೆಯವರೇ ಮುಂದಿನ ಕಛೇರಿಯ ಮೊದಲ ಸಾಲಿನ ಕೇಳುಗರಾಗುತ್ತಾರೆ.

ಆಕಾಶವಾಣಿಯ ಧ್ವನಿಪರೀಕ್ಷೆ ಕೊಟ್ಟು ಶ್ರೇಣಿ ಪಡೆಯುವುದು ಈಗಲೂ ಬೆಲೆಯುಳ್ಳದ್ದು. ಬಿ, ಬಿ ಹೈ, ಎ, ಟಾಪ್ ಎಂಬ ಶ್ರೇಣಿಗಳಿವೆ, ಸಂಭಾವನೆ ಅದರಂತೆ. ಸಂಘಟಕರೂ ಆ ಶ್ರೇಣಿಯನ್ನು ಗಮನಿಸುತ್ತಾರೆ, ಜಿಲ್ಲೆಯವರಿಗೆ ಕಾರವಾರದಲ್ಲೇ ಕೇಂದ್ರವಿದೆ. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವಯಸ್ಸಿನ ಯುವ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಶಿಷ್ಯವೇತನ ಕೊಡುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಕಾರ್ಯಕ್ರಮಗಳಿಗೆ ಪ್ರಾಯೋಜನೆಯೂ, 58 ದಾಟಿದ ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನವೂ ಉಂಟು. ಇವಕ್ಕೆಲ್ಲ ವರ್ಷಗಟ್ಟಲೆಯ ಕಾರ್ಯಕ್ರಮಗಳ ಆಮಂತ್ರಣ ಪತ್ರ, ಪತ್ರಿಕಾ ವರದಿ, ಛಾಯಾಚಿತ್ರಗಳೇ ಆಧಾರ. ಇಪ್ಪತ್ತನೇ ವಯಸ್ಸಿನಿಂದಲೇ ಅವನ್ನು ಒಂದು ಫೈಲಿನಲ್ಲಿ ಕೂಡಿಡಬೇಕು.

## ತೆರಿಗೆ ಮತ್ತು ಉಳಿತಾಯ

ಸಂಭಾವನೆ, ರಾಯಧನ, ಯೂಟ್ಯೂಬ್ ಹಣ ಎಲ್ಲವೂ ಆದಾಯವೇ. ಸಂಸ್ಥೆಯೊಂದು ನಿಗದಿತ ಮಿತಿಗಿಂತ ಹೆಚ್ಚು ಕೊಟ್ಟರೆ 10% ತೆರಿಗೆಯನ್ನು ಮೊದಲೇ ಕಡಿದುಕೊಳ್ಳುತ್ತದೆ. ಒಟ್ಟು ಆದಾಯ ತೆರಿಗೆಯ ಮಿತಿಯೊಳಗಿದ್ದರೆ ವಿವರಪಟ್ಟಿ (ರಿಟರ್ನ್) ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು. ಸಲ್ಲಿಸದವರ ಹಣ ಅಲ್ಲೇ ಉಳಿಯುತ್ತದೆ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. ಶಾಸ್ತ್ರೀಯ ಅಥವಾ ಜಾನಪದ ಪ್ರಕಾರದ ಪ್ರದರ್ಶನಕ್ಕೆ ಪಡೆವ ಸಂಭಾವನೆ 1.5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಜಿಎಸ್‌ಟಿ ವಿನಾಯಿತಿ ಇದೆ.

ನೌಕರಿಯವರಿಗೆ ಇರುವ ಭವಿಷ್ಯನಿಧಿ ಸಂಗೀತಗಾರರಿಗೆ ತಾನಾಗಿ ಬರುವುದಿಲ್ಲ. ಅಂಚೆ ಕಚೇರಿಯಲ್ಲಿ ಪಿಪಿಎಫ್ (ಸಾರ್ವಜನಿಕ ಭವಿಷ್ಯನಿಧಿ) ಖಾತೆಯನ್ನು ವರ್ಷಕ್ಕೆ 500 ರೂಪಾಯಿಯಿಂದಲೇ ನಡೆಸಬಹುದು, ಅವಧಿ 15 ವರ್ಷ. ಗಂಟಲು ಕೆಟ್ಟರೆ ಆರು ತಿಂಗಳು ಹಾಡದೆ ಕೂರಬೇಕಾಗುವ ವೃತ್ತಿ ಇದು. ಆರೋಗ್ಯ ವಿಮೆಯ ಕಂತನ್ನು ಹೊಸ ಮೈಕಿನ ಖರೀದಿಗಿಂತ ಮುಂಚೆ ಕಟ್ಟಬೇಕು.

## ಹಾಡಿನ ಕಡತಗಳನ್ನು ಯಾರು ಕಾಯುತ್ತಾರೆ?

ಜಾಹೀರಾತಿನವರೋ ಸಾಕ್ಷ್ಯಚಿತ್ರದವರೋ ಹತ್ತು ವರ್ಷದ ಹಿಂದಿನ ಹಾಡನ್ನು ಕೇಳಿಕೊಂಡು ಬಂದರೆ, ಸಾಹಿತ್ಯವಿಲ್ಲದ ವಾದ್ಯದ ಭಾಗವಷ್ಟೇ ಬೇಕು ಎನ್ನಬಹುದು. ಅದು ಸಿಗುವುದು ಪ್ರತಿ ವಾದ್ಯವನ್ನೂ ಬೇರೆ ಬೇರೆಯಾಗಿ ಉಳಿಸಿದ ಮೂಲ ಕಡತ ಇದ್ದರೆ ಮಾತ್ರ. ಮಿಕ್ಸಿಂಗ್ ಮುಗಿದ ದಿನವೇ ಆ ಕಡತಗಳನ್ನು ಸ್ಟುಡಿಯೋದವರಿಂದ ಪಡೆದು ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇಡಬೇಕು, ಎರಡೂ ಒಂದೇ ಮನೆಯಲ್ಲಿ ಬೇಡ. ಕರಾವಳಿಯ ತೇವಕ್ಕೆ ಯಂತ್ರಗಳು ಬೇಗ ಕೆಡುತ್ತವೆ, ಒಂದು ಪ್ರತಿ ಆನ್‌ಲೈನ್ ಸಂಗ್ರಹದಲ್ಲಿಯೂ ಇರಲಿ.

ಸಾಹಿತ್ಯ ಮತ್ತು ರಾಗದ ಹಕ್ಕು ರಚಿಸಿದವರ ನಂತರವೂ 60 ವರ್ಷ ಇರುತ್ತದೆ ಎಂದರೆ ಅದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಸೇರುವ ಆಸ್ತಿ. ಗದ್ದೆಯ ಪಹಣಿ ಎಲ್ಲಿದೆಯೆಂದು ಮನೆಯವರಿಗೆ ಗೊತ್ತಿರುತ್ತದೆ, ವಿತರಕರ ಖಾತೆಯ ಹೆಸರೂ ಗೊತ್ತಿರುವುದಿಲ್ಲ. ವಿತರಕ ಸಂಸ್ಥೆ, ಐಪಿಆರ್‌ಎಸ್ ಸದಸ್ಯತ್ವ ಸಂಖ್ಯೆ, ಯೂಟ್ಯೂಬ್ ಖಾತೆ, ಪ್ರತಿ ಹಾಡಿನ ಐಎಸ್‌ಆರ್‌ಸಿ, ಪಾಲುದಾರರ ಹೆಸರು, ಸಹಿ ಮಾಡಿದ ಹಾಳೆಗಳು ಎಲ್ಲಿವೆ ಎಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದು ಮನೆಯ ಒಬ್ಬರಿಗೆ ತೋರಿಸಿಡಬೇಕು. ಉಯಿಲು ಬರೆಯುವವರು ಜಮೀನು, ಒಡವೆಗಳ ಜೊತೆಗೆ ಹಾಡುಗಳ ಪಟ್ಟಿಯನ್ನೂ ಅದರಲ್ಲಿ ಸೇರಿಸಬಹುದು.